ತೋರಿಸಿದ ಪಾಸ್‌ಪೋರ್ಟ್, ಕೊಟ್ಟ ಪಾಸ್‌ಪೋರ್ಟ್

1914ರಲ್ಲಿ ಮಹಾಯುದ್ಧ ಶುರುವಾದಾಗ ಚಾರ್ಲ್ಸ್ ಇಂಗ್ಲಿಸ್ ಎಂಬ ಅಮೆರಿಕದ ಪ್ರವಾಸಿ ಬರ್ಲಿನ್‌ನಲ್ಲಿದ್ದ. ಯುರೋಪಿನಲ್ಲಿ ಮುಂದಿನ ಪ್ರಯಾಣಕ್ಕೆ ಅನುಮತಿ ಬೇಕಿತ್ತು; ಪಾಸ್‌ಪೋರ್ಟನ್ನು ಜರ್ಮನಿಯ ವಿದೇಶಾಂಗ ಕಚೇರಿಗೆ ಕೊಟ್ಟ. ಅದು ಕಳೆದುಹೋಗಿದೆ ಎಂಬ ಉತ್ತರ ಬಂತು. ನಿಜವಾಗಿ ಅದು ಕಾರ್ಲ್ ಹಾನ್ಸ್ ಲೋಡಿ ಎಂಬ ಜರ್ಮನ್ ಗೂಢಚಾರನ ಜೇಬಿನಲ್ಲಿತ್ತು. ಆ ಕಾಲದ ಅಮೆರಿಕದ ಪಾಸ್‌ಪೋರ್ಟ್‌ಗೆ ಫೋಟೊ ಇರಲಿಲ್ಲ. ಹೀಗಾಗಿ ಲೋಡಿ ಸಲೀಸಾಗಿ ‘ಇಂಗ್ಲಿಸ್’ ಆಗಿ ಬ್ರಿಟನ್ ಸೇರಿಕೊಂಡ. ಸಿಕ್ಕಿಬಿದ್ದ ಮೇಲೆ ನವೆಂಬರ್ 6ರಂದು ಲಂಡನ್ ಟವರ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅದೇ ಡಿಸೆಂಬರ್‌ನಲ್ಲಿ ಅಮೆರಿಕ ಪಾಸ್‌ಪೋರ್ಟ್‌ಗೆ ಫೋಟೊ ಕಡ್ಡಾಯ ಮಾಡಿತು. 1915ರಲ್ಲಿ ಬ್ರಿಟನ್ ಕೂಡ.

ಇಲ್ಲಿ ಗಮನಿಸಬೇಕಾದ್ದು ಗೂಢಚಾರನ ಕಥೆಯನ್ನಲ್ಲ. ಇಂಗ್ಲಿಸ್‌ನ ಜೇಬಿಗೆ ಯಾರೂ ಕತ್ತರಿ ಹಾಕಲಿಲ್ಲ. ಅವನೇ, ನಿಯಮದ ಪ್ರಕಾರ, ಕೇಳಿದವರ ಕೈಗೆ ಪಾಸ್‌ಪೋರ್ಟ್ ಕೊಟ್ಟ. ಹೊರದೇಶಕ್ಕೆ ಹೊರಟವರು ಸೊಂಟದ ಪಟ್ಟಿ, ಒಳಜೇಬು ಅಂತೆಲ್ಲ ಕಳ್ಳರಿಗೆ ಅಂಜಿ ಏರ್ಪಾಡು ಮಾಡಿಕೊಳ್ಳುತ್ತಾರೆ. ಕೌಂಟರ್‌ನ ಆಚೆ ಕೈ ಚಾಚಿದವರಿಗೆ ಮಾತ್ರ ಮರುಮಾತಿಲ್ಲದೆ ಒಪ್ಪಿಸುತ್ತಾರೆ. ತೋರಿಸುವುದು ಒಂದು, ಕೊಡುವುದು ಇನ್ನೊಂದು, ನಕಲು ಮಾಡಿಕೊಳ್ಳಲು ಬಿಡುವುದು ಮತ್ತೊಂದು. ಈ ಮೂರರ ನಡುವಿನ ಗೆರೆ ನೂರು ವರ್ಷಗಳಲ್ಲಿ ಹೇಗೆ ಅಳಿಸುತ್ತ ಬಂತು ಎಂಬುದೇ ಪಾಸ್‌ಪೋರ್ಟ್‌ನ ಇತಿಹಾಸದ ಮುಖ್ಯ ಭಾಗ.

ರಹದಾರಿ ಎಂಬ ಏರ್ಪಾಡು ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆಂದೇ ಮುದ್ರಾಧ್ಯಕ್ಷನಿದ್ದಾನೆ. ಒಂದು ಮಾಷಕ ನಾಣ್ಯ ತೆತ್ತರೆ ಮುದ್ರೆ, ಅಂದರೆ ರಹದಾರಿ, ಸಿಗುತ್ತಿತ್ತು. ಮುದ್ರೆಯಿಲ್ಲದೆ ಓಡಾಡಿದವನಿಗೆ 12 ಪಣ ದಂಡ. ಸುಳ್ಳು ಮುದ್ರೆಗೆ ಅದಕ್ಕಿಂತ ಹೆಚ್ಚು, ಹೊರನಾಡಿನವನಾದರೆ ಎಲ್ಲಕ್ಕಿಂತ ಹೆಚ್ಚು. ಪರಸ್ಥಳದವನ ಮೇಲೆ ಒಂದು ಕಣ್ಣು ಜಾಸ್ತಿ ಎಂಬುದು ಆಗಲೂ ಇತ್ತು. ಇಂಗ್ಲೆಂಡ್‌ನಲ್ಲಿ ಐದನೇ ಹೆನ್ರಿಯ ಕಾಲದಲ್ಲಿ, 1414ರಲ್ಲಿ, ಸುರಕ್ಷಿತ ಪ್ರಯಾಣದ ಪತ್ರಗಳಿಗೆ ಕಾನೂನೇ ಬಂತು. ಆದರೆ ಇವೆಲ್ಲ ದಾರಿಯಲ್ಲಿ ತೋರಿಸಿ ಮುಂದೆ ಹೋಗುವ ಚೀಟಿಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲು ಬಂದು ಜನಜಂಗುಳಿ ಹೆಚ್ಚಾದಾಗ ಯುರೋಪಿನ ಬಹುಭಾಗ ಆ ಚೀಟಿಯನ್ನೂ ಕೈಬಿಟ್ಟಿತು. ಪಟ್ಟುಬಿಡದವು ರಷ್ಯಾ ಮತ್ತು ಆಟೊಮನ್ ಸಾಮ್ರಾಜ್ಯ.

ಯುದ್ಧ ಅದನ್ನು ವಾಪಸ್ ತಂದಿತು, ಮತ್ತೆ ಹೋಗಲು ಬಿಡಲಿಲ್ಲ. 1920ರಲ್ಲಿ ಪ್ಯಾರಿಸ್‌ನಲ್ಲಿ ರಾಷ್ಟ್ರಸಂಘ ನಡೆಸಿದ ಸಮ್ಮೇಳನ ಒಂದು ಮಾದರಿ ಹೇಳಿತು: 32 ಪುಟ, 15.5 × 10.5 ಸೆಂಟಿಮೀಟರ್, ರಟ್ಟಿನ ಹೊದಿಕೆ, ಕನಿಷ್ಠ ಎರಡು ಭಾಷೆ, ಅದರಲ್ಲೊಂದು ಫ್ರೆಂಚ್. (ಈಗಿನ ಅಳತೆ 12.5 × 8.8.) ಪರಿಸ್ಥಿತಿ ತಿಳಿಯಾದ ಮೇಲೆ ಈ ನಿರ್ಬಂಧಗಳನ್ನೆಲ್ಲ ತೆಗೆಯಬೇಕು ಎಂಬ ಆಶಯವನ್ನೂ ಅದೇ ಸಮ್ಮೇಳನ ಬರೆದಿಟ್ಟಿತು. ತಾತ್ಕಾಲಿಕ ಎಂದು ಶುರುವಾದ ಸರ್ಕಾರಿ ಕಾಗದ ಎಷ್ಟು ದಿನ ತಾತ್ಕಾಲಿಕವಾಗಿರುತ್ತದೆ ಎಂಬುದು ಗೊತ್ತಿದ್ದದ್ದೇ.

ಗುರುತಿನ ಕಾಗದದಲ್ಲಿ ಏನು ಬರೆದಿದೆ ಎಂಬುದು ಪ್ರಾಣಕ್ಕೇ ಬರಬಹುದು ಎಂದು ತೋರಿಸಿದ್ದು 1938ರ ಅಕ್ಟೋಬರ್. ಸ್ವಿಟ್ಜರ್ಲೆಂಡ್ ಜೊತೆಗಿನ ಮಾತುಕತೆಯ ಬಳಿಕ ಜರ್ಮನಿ ತನ್ನ ಯಹೂದಿಗಳ ಪಾಸ್‌ಪೋರ್ಟ್‌ಗಳಿಗೆ ಕೆಂಪು ‘ಜೆ’ ಅಕ್ಷರ ಒತ್ತಿತು. ಗಡಿಯಲ್ಲಿ ಪ್ರಶ್ನೆಯನ್ನೇ ಕೇಳದೆ ತಿರುಗಿಸಿ ಕಳಿಸಲು ಆ ಒಂದು ಅಕ್ಷರ ಸಾಕಾಯಿತು. ಜರ್ಮನಿಯ ಆಕ್ರಮಣದಲ್ಲಿದ್ದ ನೆದರ್ಲೆಂಡ್ಸ್‌ನದು ಇನ್ನೂ ಸೂಕ್ಷ್ಮ ಪಾಠ. ಅಲ್ಲಿ ಪ್ರತಿರೋಧದವರು ಗುರುತಿನ ಚೀಟಿಗಳನ್ನು ನಕಲಿ ಮಾಡಬಲ್ಲವರಾಗಿದ್ದರು. ಆದರೆ ಚೀಟಿಯನ್ನು ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡಿದರೆ ಗುಟ್ಟು ರಟ್ಟಾಗುತ್ತಿತ್ತು. ಅದಕ್ಕೇ 1943ರ ಮಾರ್ಚ್ 27ರ ರಾತ್ರಿ ಅವರು ಆಮ್‌ಸ್ಟರ್‌ಡ್ಯಾಂನ ಜನಸಂಖ್ಯಾ ನೋಂದಣಿ ಕಚೇರಿಗೆ ಬೆಂಕಿ ಇಟ್ಟರು. ಸುಟ್ಟದ್ದು ಒಂದು ಭಾಗ ಮಾತ್ರ. ಕೈಯಲ್ಲಿರುವ ಚೀಟಿಗಿಂತ ಬೇರೆಯವರ ಕಪಾಟಿನಲ್ಲಿರುವ ಅದರ ಪ್ರತಿಯೇ ಬಲಶಾಲಿ ಎಂಬುದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು.

1980ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಯಂತ್ರ ಓದಬಲ್ಲ ಪಾಸ್‌ಪೋರ್ಟ್‌ನ ಮಾನದಂಡ ಪ್ರಕಟಿಸಿತು. ಫೋಟೊ ಪುಟದ ಕೆಳಗೆ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲು, ಸಾಲಿಗೆ 44 ಅಕ್ಷರ. ಹೆಸರು, ದೇಶ, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಲಿಂಗ, ಅವಧಿ ಮುಗಿಯುವ ದಿನ ಎಲ್ಲವೂ ಅಲ್ಲಿ ಮತ್ತೊಮ್ಮೆ ಅಚ್ಚಾಗಿರುತ್ತವೆ. ಮೊದಲು ಅಧಿಕಾರಿ ನೋಡಿ ಹಿಂತಿರುಗಿಸುತ್ತಿದ್ದ. ಈಗ ಯಂತ್ರ ಓದಿ ಇಟ್ಟುಕೊಳ್ಳತೊಡಗಿತು. 1998ರಲ್ಲಿ ಮಲೇಷ್ಯಾ ಮೊದಲ ಚಿಪ್ ಪಾಸ್‌ಪೋರ್ಟ್ ತಂದಿತು.

ಅಮೆರಿಕ ಚಿಪ್ ತರಹೊರಟಾಗ ಅದರ ಮೊದಲ ಯೋಜನೆಯಲ್ಲಿ ಗೂಢಲಿಪಿಯೇ ಇರಲಿಲ್ಲ. 2005ರಲ್ಲಿ ಸಾರ್ವಜನಿಕರಿಂದ ಎರಡು ಸಾವಿರಕ್ಕೂ ಹೆಚ್ಚು ಪ್ರತಿಕ್ರಿಯೆ ಬಂದವು, ಹೆಚ್ಚುಕಡಿಮೆ ಎಲ್ಲವೂ ವಿರೋಧ. ಆಮೇಲೆ ಹೊದಿಕೆಯೊಳಗೆ ಲೋಹದ ಪದರ ಬಂತು, ಚಿಪ್‌ಗೆ ಬೀಗ ಬಂತು; 2006ರಲ್ಲಿ ಪಾಸ್‌ಪೋರ್ಟ್ ಹೊರಬಂತು. ಆ ಬೀಗದ ಕೀಲಿ ಯಾವುದು ಎಂಬುದೇ ಸ್ವಾರಸ್ಯ: ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ. ಪುಸ್ತಕ ಬಿಡಿಸಿ ಕೆಳಗಿನ ಸಾಲು ಓದಿದವರಿಗಷ್ಟೇ ಚಿಪ್ ಬಾಯಿ ಬಿಡಬೇಕು ಎಂಬುದು ಉದ್ದೇಶ. ಅಂದರೆ ಜೇಬಿನಲ್ಲಿ ಮುಚ್ಚಿಟ್ಟ ಪಾಸ್‌ಪೋರ್ಟನ್ನು ಪಕ್ಕದಲ್ಲಿ ನಿಂತವನು ಸುಮ್ಮನೆ ಓದಿಬಿಡಲಾರ. ‘ರೇಡಿಯೊ ತಡೆಯುವ’ ಪರ್ಸ್‌ಗಳ ಮಾರಾಟ ನಡೆಯುವುದು ಈ ಸಂಗತಿ ಹೇಳದೆ ಬಿಡುವುದರಿಂದ. ಆದರೆ ಫೋಟೊ ಪುಟದ ಜೆರಾಕ್ಸ್ ಇದ್ದವನ ಬಳಿ ಆ ಕೀಲಿ ಆಗಲೇ ಇದೆ. ಚಿಪ್‌ನೊಳಗಿನ ಬೆರಳಚ್ಚಿಗೆ ಯುರೋಪ್ ಬೇರೆಯದೇ, ಇನ್ನೂ ಬಿಗಿಯಾದ ಬೀಗ ಹಾಕಿದ್ದು ಇದೇ ಕಾರಣಕ್ಕೆ.

2010ರ ಜನವರಿಯಲ್ಲಿ ದುಬೈನ ಹೋಟೆಲೊಂದರಲ್ಲಿ ಹಮಾಸ್‌ನ ಮಹಮೂದ್ ಅಲ್-ಮಬ್‌ಹೂಹ್ ಹತ್ಯೆಯಾಯಿತು. ಹಂತಕರ ತಂಡ ಬಳಸಿದ ಪಾಸ್‌ಪೋರ್ಟ್‌ಗಳಲ್ಲಿ 12 ಬ್ರಿಟಿಷ್ ಪ್ರಜೆಗಳ ಹೆಸರಿನವು. ಅವರು ತಮ್ಮ ಪಾಸ್‌ಪೋರ್ಟ್ ತಪಾಸಣೆಗೆಂದು ಕೊಟ್ಟಾಗ, ಇಸ್ರೇಲ್‌ನೊಂದಿಗೆ ನಂಟಿದ್ದವರು ಅದನ್ನು ನಕಲು ಮಾಡಿಕೊಂಡಿದ್ದರು ಎಂದು ಬ್ರಿಟನ್‌ನ ವಿದೇಶಾಂಗ ಸಚಿವರು ಸಂಸತ್ತಿನಲ್ಲಿ ಹೇಳಿದರು. ಇಂಗ್ಲಿಸ್‌ನ ಪಾಸ್‌ಪೋರ್ಟಾದರೂ ಕಣ್ಣಿಗೆ ಕಾಣದಾಗಿತ್ತು. ಇವರಿಗೆ ಪುಸ್ತಕ ನೆಟ್ಟಗೆ ವಾಪಸ್ ಬಂದಿತ್ತು, ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಗಡಿಯಲ್ಲಿ ಕೊಡದೆ ವಿಧಿಯಿಲ್ಲ. ಊರೊಳಗೆ ಓಡಾಡುವಾಗ ಮೂಲ ಪಾಸ್‌ಪೋರ್ಟ್ ಜೊತೆಗಿರಬೇಕೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಜಪಾನ್‌ನಲ್ಲಿ ವಿದೇಶಿ ಪ್ರವಾಸಿ ಸದಾ ಇಟ್ಟುಕೊಂಡಿರಲೇಬೇಕು, ಇಲ್ಲದಿದ್ದರೆ 1 ಲಕ್ಷ ಯೆನ್‌ವರೆಗೆ ದಂಡ, ಜೆರಾಕ್ಸ್ ಲೆಕ್ಕಕ್ಕಿಲ್ಲ. ನೆದರ್ಲೆಂಡ್ಸ್‌ನಲ್ಲಿ 2005ರಿಂದ, 14 ತುಂಬಿದ ಯಾರೇ ಆಗಲಿ, ಕೇಳಿದಾಗ ಗುರುತು ತೋರಿಸಬೇಕು. ಬ್ರಿಟನ್‌ನಲ್ಲಿ ಅಂಥ ಕಟ್ಟಳೆಯಿಲ್ಲ. ಯುದ್ಧಕಾಲಕ್ಕೆಂದು 1939ರಲ್ಲಿ ತಂದ ಗುರುತಿನ ಚೀಟಿಯನ್ನು ಕ್ಲಾರೆನ್ಸ್ ವಿಲ್ಕಾಕ್ ಎಂಬಾತ 1950ರಲ್ಲಿ ಪೊಲೀಸರಿಗೆ ತೋರಿಸಲು ಒಪ್ಪದೆ ನ್ಯಾಯಾಲಯದವರೆಗೆ ಹೋದ. ಮೊಕದ್ದಮೆಯಲ್ಲಿ ಸೋತ, ಆದರೆ ನ್ಯಾಯಾಧೀಶರು ಆ ಪದ್ಧತಿಯನ್ನೇ ಟೀಕಿಸಿದರು. 1952ರ ಫೆಬ್ರವರಿಯಲ್ಲಿ ಚೀಟಿ ರದ್ದಾಯಿತು. ಕಡ್ಡಾಯವಿರುವ ದೇಶದಲ್ಲಿ ಮೂಲವನ್ನೇ ಮೈಮೇಲೆ ಇಟ್ಟುಕೊಳ್ಳಿ. ಇಲ್ಲದ ಕಡೆ ಅದನ್ನು ಕೋಣೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಫೋಟೊ ಪುಟ ಮತ್ತು ವೀಸಾ ಪುಟದ ಕಾಗದದ ಪ್ರತಿ ಒಯ್ಯುವುದು ವಾಸಿ. ಸ್ಕೂಟರ್ ಬಾಡಿಗೆಯಂಥ ಕಡೆ ಒತ್ತೆಯಾಗಿ ಪಾಸ್‌ಪೋರ್ಟ್ ಕೇಳಿದರೆ ಬೇರೆ ಅಂಗಡಿ ನೋಡಿ. ಗಾಡಿಗೆ ಗೀರು ಬಿದ್ದಿದೆ ಎಂಬ ತಕರಾರು ಶುರುವಾದ ಮೇಲೆ ಪಾಸ್‌ಪೋರ್ಟ್ ಅವರ ಡ್ರಾಯರ್‌ನಲ್ಲಿದ್ದರೆ ಚೌಕಾಸಿಗೆ ಜಾಗವೇ ಇರುವುದಿಲ್ಲ.

ಅತಿ ಹೆಚ್ಚು ನಕಲಾಗುವುದು ಹೋಟೆಲಿನಲ್ಲಿ. ಅತಿಥಿಯ ವಿವರ ಬರೆದುಕೊಳ್ಳುವುದು ಬಹಳ ದೇಶಗಳಲ್ಲಿ ಕಾನೂನೇ. ಇಟಲಿಯಲ್ಲಿ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಆದರೆ ಬರೆದುಕೊಳ್ಳುವುದಕ್ಕೂ ಜೆರಾಕ್ಸ್ ಮಾಡುವುದಕ್ಕೂ ವ್ಯತ್ಯಾಸವಿದೆ. ಜಪಾನ್‌ನಲ್ಲಿ ಅಲ್ಲಿ ನೆಲೆಸಿರದ ವಿದೇಶಿಯರ ಪಾಸ್‌ಪೋರ್ಟ್ ಪ್ರತಿ ತೆಗೆದುಕೊಳ್ಳುವುದೇ ರೂಢಿ. ನೆದರ್ಲೆಂಡ್ಸ್‌ನಲ್ಲಿ ಹೋಟೆಲ್ ಪ್ರತಿ ಮಾಡುವಂತಿಲ್ಲ. ಸ್ಪೇನ್ 2024ರ ಡಿಸೆಂಬರ್‌ನಿಂದ ಹೋಟೆಲುಗಳು ಕೊಡಬೇಕಾದ ಮಾಹಿತಿಯ ಪಟ್ಟಿಯನ್ನು ಬೆಳೆಸಿತು. ಮರುವರ್ಷ ಅಲ್ಲಿನ ದತ್ತಾಂಶ ರಕ್ಷಣಾ ಸಂಸ್ಥೆಯೇ, ಅದಕ್ಕಾಗಿ ಪ್ರತಿ ಕೇಳುವುದು ಅತಿಯಾಯಿತು ಎಂದಿತು. ಹೀಗೆ ಕೂಡಿಟ್ಟದ್ದು ಎಲ್ಲಿಗೆ ಹೋಗಬಹುದು ಎಂಬುದಕ್ಕೆ 2018ರಲ್ಲಿ ಬಯಲಾದ ಮ್ಯಾರಿಯಟ್ ಸೋರಿಕೆ ಸಾಕು: ಗೂಢಲಿಪಿಯೇ ಇಲ್ಲದ ಸುಮಾರು 52.5 ಲಕ್ಷ ಪಾಸ್‌ಪೋರ್ಟ್ ಸಂಖ್ಯೆಗಳು ಕಳ್ಳರ ಪಾಲಾದವು.

ಕೌಂಟರ್‌ನಲ್ಲಿ ಜಗಳ ಬೇಡ. ‘ನೋಡಿ ಬರೆದುಕೊಂಡರೆ ಸಾಕೆ, ಪ್ರತಿಯೇ ಬೇಕೆ?’ ಎಂದು ಕೇಳಿ. ಪ್ರತಿಯೇ ಬೇಕೆಂದರೆ ಮೊದಲೇ ತಯಾರಿಸಿಟ್ಟ ನಿಮ್ಮ ಪ್ರತಿ ಕೊಡಿ: ಕಪ್ಪು-ಬಿಳುಪಿನದು, ಮುಖದ ಮೇಲೂ ಅಕ್ಷರಗಳ ಮೇಲೂ ಅಡ್ಡವಾಗಿ ಯಾರಿಗೆ, ಯಾವ ತಾರೀಖಿಗೆ, ಯಾವ ಕೆಲಸಕ್ಕೆ ಎಂದು ಬರೆದದ್ದು. ಖಾಲಿ ಅಂಚಿನಲ್ಲಿ ಬರೆದರೆ ಕತ್ತರಿಸಿ ಎಸೆಯುತ್ತಾರೆ. ಸಹಿಯನ್ನು ಮುಚ್ಚಿ. ಸಂಖ್ಯೆ ಬೇಡದ ಕಡೆ ಸಂಖ್ಯೆಯನ್ನೂ ಮುಚ್ಚಿ, ಮತ್ತು ಇಲ್ಲಿ ಬಹಳ ಜನ ಎಡವುತ್ತಾರೆ: ಮೇಲಿನ ಮೂಲೆಯ ಸಂಖ್ಯೆಗೆ ಮಸಿ ಬಳಿದು, ಕೆಳಗಿನ ಯಂತ್ರದ ಸಾಲುಗಳನ್ನು ಹಾಗೇ ಬಿಡುತ್ತಾರೆ. ಎರಡನೆಯ ಸಾಲು ಶುರುವಾಗುವುದೇ ಆ ಸಂಖ್ಯೆಯಿಂದ.

ಮುಚ್ಚುವುದನ್ನು ಫೋನಿನಲ್ಲಿ ಮಾಡಬೇಡಿ. ಹೈಲೈಟರ್‌ನ ಕಪ್ಪು ಅರೆಪಾರದರ್ಶಕ. ಬೆಳಕು ಏರಿಸಿದರೆ ಅಡಿಯ ಅಕ್ಷರ ಮೂಡುತ್ತದೆ. ಪಿಡಿಎಫ್‌ನಲ್ಲಿ ಎಳೆದ ಕಪ್ಪು ಚೌಕವನ್ನು ಎತ್ತಿ ಪಕ್ಕಕ್ಕಿಡಬಹುದು. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಕತ್ತರಿಸಿ ತೆಗೆದ ಭಾಗ ಕಡತದೊಳಗೇ ಉಳಿಯುತ್ತಿತ್ತು ಎಂಬ ದೋಷ 2023ರಲ್ಲಿ ಹೊರಬಿತ್ತು. ಕಾಗದದ ಪಟ್ಟಿಯನ್ನು ಪಾಸ್‌ಪೋರ್ಟ್ ಮೇಲೆ ಇಟ್ಟು ಆಮೇಲೆ ಫೋಟೊ ತೆಗೆದರೆ ಹುಡುಕಿ ತೆಗೆಯಲು ಏನೂ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ಫೋಟೊ ಕಳಿಸಿದರೆ ಅದು ಆ ಕಡೆಯ ಗ್ಯಾಲರಿ, ಅಲ್ಲಿಂದ ಅವರ ಬ್ಯಾಕಪ್ ಸೇರಬಹುದು. ನೀವು ಅಳಿಸಿದ್ದು ನಿಮ್ಮ ಪ್ರತಿ ಮಾತ್ರ.

ಬೋರ್ಡಿಂಗ್ ಪಾಸ್ ಕೂಡ ಗುರುತಿನ ಕಾಗದವೇ. 2020ರಲ್ಲಿ ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ ತಮ್ಮ ಪಾಸ್‌ನ ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಹಾಕಿದರು. ಅದರಲ್ಲಿದ್ದ ಬುಕಿಂಗ್ ಸಂಕೇತ ಮತ್ತು ಉಪನಾಮ ಬಳಸಿ ಒಬ್ಬ ವಿಮಾನ ಸಂಸ್ಥೆಯ ಜಾಲತಾಣದೊಳಗೆ ಹೋದ. ಪುಟದ ಹಿಂದಿನ ಕೋಡ್‌ನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಫೋನ್ ನಂಬರ್ ಎರಡೂ ಇದ್ದವು. ಅವನು ಒಳ್ಳೆಯವನಾಗಿದ್ದರಿಂದ ಸಂಬಂಧಪಟ್ಟವರಿಗೆ ತಿಳಿಸಿದ. ಬಾರ್‌ಕೋಡ್ ಮುಚ್ಚದೆ ಹೆಸರು ಮುಚ್ಚಿದರೂ ಪ್ರಯೋಜನವಿಲ್ಲ, ಹೆಸರು, ಬುಕಿಂಗ್ ಸಂಕೇತ ಎರಡೂ ಅದರೊಳಗಿವೆ.

ಈಗ ಗಡಿಯಲ್ಲಿ ಕೇಳುವುದು ಪಾಸ್‌ಪೋರ್ಟ್ ಒಂದನ್ನೇ ಅಲ್ಲ. ಫೋನಿನ ಪಾಸ್‌ವರ್ಡ್ ಕೊಡದಿದ್ದರೆ 5,000 ಡಾಲರ್‌ವರೆಗೆ ದಂಡ ಎಂದು ನ್ಯೂಜಿಲೆಂಡ್ 2018ರಲ್ಲಿ ಕಾನೂನು ತಂದಿತು. ಅಮೆರಿಕದ ಗಡಿಯಲ್ಲಿ ಅಧಿಕಾರಿಗಳು ಫೋನ್ ತೆರೆಸಬಹುದು, ಆದರೆ 2018ರ ಅವರದೇ ನಿರ್ದೇಶನದ ಪ್ರಕಾರ ಸಾಧನದಲ್ಲಿರುವುದನ್ನಷ್ಟೇ ನೋಡಬೇಕು, ದೂರದ ಸರ್ವರ್‌ನಲ್ಲಿರುವುದನ್ನಲ್ಲ. ಹಾಗಾಗಿ ಬೇಡದ್ದನ್ನು ಮೊದಲೇ ಫೋನಿನಿಂದ ತೆಗೆಯುವುದು ಸುಳ್ಳು ಹೇಳುವುದಕ್ಕಿಂತ ಎಷ್ಟೋ ಮೇಲು. ಸರದಿಗೆ ನಿಲ್ಲುವ ಮೊದಲು ಫೋನನ್ನು ಪೂರ್ತಿ ಆರಿಸಿ. ಮತ್ತೆ ಹಚ್ಚಿ ಮೊದಲ ಬಾರಿ ಪಾಸ್‌ಕೋಡ್ ಹಾಕುವವರೆಗೆ ಬೆರಳು, ಮುಖ ನಡೆಯುವುದಿಲ್ಲ, ಒಳಗಿನ ಬಹುಪಾಲು ದತ್ತಾಂಶದ ಬೀಗವೂ ತೆರೆಯುವುದಿಲ್ಲ. ಗಡಿಯಲ್ಲೇ ತೆಗೆದುಕೊಳ್ಳುವ ಬೆರಳಚ್ಚು ಮತ್ತು ಮುಖದ ಚಿತ್ರದ ವಿಷಯದಲ್ಲಿ ಪ್ರವಾಸಿಗೆ ಆಯ್ಕೆಯೇ ಇಲ್ಲ. 2025ರ ಅಕ್ಟೋಬರ್ 12ರಂದು ಹಂತ ಹಂತವಾಗಿ ಶುರುವಾದ, ಹೊರಗಿನವರು ಬಂದುಹೋಗುವುದನ್ನು ದಾಖಲಿಸುವ ಯುರೋಪಿನ ವ್ಯವಸ್ಥೆ ನಾಲ್ಕು ಬೆರಳು ಮತ್ತು ಮುಖದ ಚಿತ್ರ ಪಡೆದು ಸಾಮಾನ್ಯವಾಗಿ 3 ವರ್ಷ ಇಟ್ಟುಕೊಳ್ಳುತ್ತದೆ. 12 ತುಂಬದ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ.

ಇಷ್ಟೆಲ್ಲ ಆಗಿಯೂ ಪಾಸ್‌ಪೋರ್ಟ್ ಕಳೆದರೆ ತಡಮಾಡದೆ ಸ್ಥಳೀಯ ಪೊಲೀಸರಲ್ಲಿ ದೂರು, ಆಮೇಲೆ ನಿಮ್ಮ ದೇಶದ ದೂತಾವಾಸ. ಕಾಗದದ ಪ್ರತಿಯೂ ಎರಡು ಫೋಟೊಗಳೂ ಪಾಸ್‌ಪೋರ್ಟ್ ಇಲ್ಲದ ಬೇರೆ ಚೀಲದಲ್ಲಿದ್ದರೆ ತುರ್ತು ಪ್ರಯಾಣ ಪತ್ರ ಬೇಗ ಸಿಗುತ್ತದೆ. ಕಳೆದ ಪಾಸ್‌ಪೋರ್ಟ್‌ಗಳ ಪಟ್ಟಿಯನ್ನು ಇಂಟರ್‌ಪೋಲ್ 2002ರಿಂದ ಇಡುತ್ತಿದೆ. ಪಟ್ಟಿ ಇದ್ದಮಾತ್ರಕ್ಕೆ ಎಲ್ಲರೂ ನೋಡುತ್ತಾರೆಂದಲ್ಲ: 2014ರಲ್ಲಿ ಕಣ್ಮರೆಯಾದ ಎಂಎಚ್ 370 ವಿಮಾನವನ್ನು ಇಬ್ಬರು, ಥಾಯ್ಲೆಂಡ್‌ನಲ್ಲಿ ಕಳುವಾಗಿದ್ದ ಪಾಸ್‌ಪೋರ್ಟ್ ಹಿಡಿದು ಹತ್ತಿದ್ದರು, ಎರಡೂ ಆ ಪಟ್ಟಿಯಲ್ಲಿದ್ದವು, ತಾಳೆ ನೋಡಿದವರಿಲ್ಲ. ಅಂದಿನಿಂದ ನೋಡುವವರು ಹೆಚ್ಚಾಗಿದ್ದಾರೆ. ಆದ್ದರಿಂದ ದೂರು ಕೊಟ್ಟ ಮರುದಿನ ಹಳೆಯ ಪಾಸ್‌ಪೋರ್ಟ್ ಕೋಟಿನ ಒಳಜೇಬಿನಲ್ಲೇ ಸಿಕ್ಕಿತೆಂದು ಅದನ್ನೇ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಅದು ಆಗಲೇ ರದ್ದಾಗಿರುತ್ತದೆ, ಮತ್ತು ಪರದೆಯ ಮೇಲೆ ಕಳುವಿನ ಮಾಲಿನೊಂದಿಗೆ ನಿಂತವರು ನೀವೇ ಆಗಿರುತ್ತೀರಿ.