ಹಾಳೆಯ ಪ್ರಾಣಿಗೆ ಹೊಟ್ಟೆ ಬರುವಾಗ: ಕೈಹೊಲಿಗೆ ಗೊಂಬೆಯ ಟಿಪ್ಪಣಿ

ನನ್ನ ಮೊದಲ ಗೊಂಬೆಯ ಚಿತ್ರದಲ್ಲಿ ಬದನೆಕಾಯಿಯಂಥ ಮೈ, ಎರಡು ಕಿವಿ, ಎರಡು ಮೋಟು ಕಾಲು, ತೆಳ್ಳನೆಯ ಒಂದು ಬಾಲ ಇದ್ದವು. ಚಿತ್ರದ ಗೆರೆಗೇ ಬಟ್ಟೆ ಕತ್ತರಿಸಿ ಹೊಲಿದೆ. ಹತ್ತಿ ತುಂಬಿದಾಗ ಮೈ ಬಡಕಲಾಯಿತು, ಕಾಲು ಕಡ್ಡಿಯಾಯಿತು, ಬಾಲವನ್ನು ಮಗುಚಲು, ಅಂದರೆ ಒಳಮೈ ಹೊರಗಿಟ್ಟು ಹೊಲಿದದ್ದನ್ನು ಹೊರಮೈಗೆ ತಿರುವಲು, ಆಗಲೇ ಇಲ್ಲ. ಹೊಲಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದು ಚಿತ್ರವನ್ನೇ ಮಾದರಿ ಅಂದುಕೊಂಡದ್ದರಲ್ಲಿ.

ಲೆಕ್ಕ ನೋಡಿ. ಚಪ್ಪಟೆಯಾಗಿರುವಾಗ ಕಾಲಿನ ಅಗಲ 5 ಸೆಂ.ಮೀ. ಎಂದರೆ ಎರಡು ಪದರ ಸೇರಿ ಸುತ್ತಳತೆ 10. ತುಂಬಿ ದುಂಡಗಾದಾಗಲೂ ಸುತ್ತಳತೆ ಅಷ್ಟೇ, 3.14ರಿಂದ ಭಾಗಿಸಿದರೆ ದಪ್ಪ ಸುಮಾರು 3.2 ಸೆಂ.ಮೀ. ಮಾತ್ರ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಗಲ ಹೋಯಿತು! ಹಾಗಾಗಿ ಕೈ, ಕಾಲು, ಕುತ್ತಿಗೆಗಳನ್ನು ಚಿತ್ರಕ್ಕಿಂತ ಒಂದೂವರೆ ಪಟ್ಟು ಅಗಲವಾಗಿ ಬರೆದುಕೊಳ್ಳಿ. ಮೈಯನ್ನು ನಾವು ಅಷ್ಟು ದುಂಡಗೆ ತುಂಬುವುದಿಲ್ಲ, ಅದಕ್ಕೆ ಕಾಲುಭಾಗ ಹೆಚ್ಚಿಸಿದರೆ ಸಾಕು ಅನ್ನುವುದು ನನ್ನ ಅನುಭವ. ಕಾಗದದ ಮೇಲೆ ಪ್ರಾಣಿ ಊದಿಕೊಂಡ ಹಾಗೆ ಕಾಣುತ್ತದೆ. ಹೆದರಬೇಡಿ, ಹಾಗೆಯೇ ಕಾಣಬೇಕು.

ಈಗ ಬರೆದದ್ದು ಹೊಲಿಯುವ ಗೆರೆ. ಕತ್ತರಿಸುವ ಗೆರೆ ಅದರ ಹೊರಗೆ 7 ಮಿ.ಮೀ. ದೂರದಲ್ಲಿರಲಿ. ಬಟ್ಟೆಗೆ ಹಳೆಯ ಕಾಟನ್ ಅಂಗಿ ಎಲ್ಲಕ್ಕಿಂತ ಒಳ್ಳೆಯದು. ಟೀ ಶರ್ಟ್ ಬಟ್ಟೆ ಹಿಗ್ಗಿ ಆಕಾರ ಕೆಡಿಸುತ್ತದೆ. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ತುಂಡು ಸಿಕ್ಕರೆ ತುಂಬ ಚೆಂದ, ಆದರೆ ಅಂಚಿನ ಎಳೆ ಬೇಗ ಬಿಡುವುದರಿಂದ 1 ಸೆಂ.ಮೀ. ಬಿಟ್ಟು ಕತ್ತರಿಸಿ.

ಮಾದರಿಯನ್ನು ಬಟ್ಟೆಯ ಒಳಮೈಗೆ ಇಟ್ಟು ಬರೆಯುತ್ತೇವಲ್ಲ, ಮಗುಚಿದ ಮೇಲೆ ಎಡ ಬಲವಾಗುತ್ತದೆ. ನಿಮ್ಮ ಪ್ರಾಣಿ ಎಡಕ್ಕೆ ನೋಡುತ್ತಿದ್ದರೆ ಮುಂಭಾಗದ ಮಾದರಿಯನ್ನು ತಿರುವಿ ಇಡಿ. ಬಾಲ ಬಲಗಡೆಗೇ ಇರಬೇಕು ಎಂದು ಹಟ ಹಿಡಿಯುವ ಮಕ್ಕಳಿಗೆ ಈ ವಿವರ ಬಹಳ ಮುಖ್ಯ.

ಮುಖವನ್ನು ಎರಡು ತುಂಡು ಸೇರಿಸುವ ಮೊದಲೇ ಹೊಲಿದುಬಿಡಿ. ಬಾಯಿಗೆ ಕಸೂತಿಯ ಗವಂತಿ ಹೊಲಿಗೆ ಹೇಳಿ ಮಾಡಿಸಿದಂತಿದೆ: ಒಂದು ಬಿಟ್ಟು ಒಂದು ಟಾಕು ಹಾಕುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸ್ಸು ಬರುತ್ತಾ ಖಾಲಿ ಜಾಗ ತುಂಬುವುದು. ಗೆರೆ ಎಲ್ಲೂ ಕಡಿಯುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗಾದರೆ ಗುಂಡಿಯ ಕಣ್ಣು ಬೇಡವೇ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದಾರದಲ್ಲೇ ಕಣ್ಣು ತುಂಬಿ.

ಎರಡು ತುಂಡುಗಳ ಹೊರಮೈ ಒಳಗೆ ಬರುವಂತೆ ಸೇರಿಸಿ ಪಿನ್ನು ಚುಚ್ಚಿ. 2.5 ಸೆಂ.ಮೀ.ಗಿಂತ ಕಿರಿದಾದ ಯಾವ ಭಾಗವನ್ನೂ ನಾನು ಈಗ ಮಗುಚಲು ಹೋಗುವುದಿಲ್ಲ. ಬಾಲಕ್ಕೆ ಲಂಗದ ಲಾಡಿಯೋ ಜಡೆ ಹೆಣೆದ ಉಲ್ಲನ್ನೋ ಎರಡು ಪದರಗಳ ನಡುವೆ, ತುದಿ ಒಳಗಡೆಗೆ ಇರುವಂತೆ ಮಲಗಿಸಿ ಹೊಲಿಯುತ್ತೇನೆ. ಮಗುಚಿದಾಗ ತಾನಾಗಿ ಹೊರಗೆ ಬರುತ್ತದೆ.

ದಾರ ಎರಡೆಳೆ, ಉದ್ದ ಒಂದು ಮೊಳ ಸಾಕು, ಹೆಚ್ಚಾದರೆ ಸಿಕ್ಕಾಗುತ್ತದೆ. ಕೌದಿಗೆ ಹಾಕುವಂಥ ನೇರ ಹೊಲಿಗೆ ಇಲ್ಲಿ ಸಾಲದು: ಹತ್ತಿ ಒಳಗಿನಿಂದ ಒತ್ತಿದಾಗ ಟಾಕುಗಳ ನಡುವೆ ಬಾಯಿ ಬಿಡುತ್ತದೆ. ಬ್ಯಾಕ್ ಸ್ಟಿಚ್ ಹಾಕಿ, ಅಂದರೆ ಪ್ರತಿ ಸಲವೂ ಸೂಜಿಯನ್ನು ಹಿಂದಕ್ಕೆ ತಂದು ಹಿಂದಿನ ಟಾಕಿನ ತುದಿಯಲ್ಲೇ ಚುಚ್ಚುವುದು; ಒಂದೊಂದು ಟಾಕು 2–3 ಮಿ.ಮೀ. ಮಗುಚಲು 5 ಸೆಂ.ಮೀ. ಬಾಯಿ ಬಿಡಬೇಕು. ಅದನ್ನು ಮೈಯ ನೇರವಾದ ಬದಿಯಲ್ಲಿ ಬಿಡಿ. ತಿರುವಿನಲ್ಲಿ ಬಿಟ್ಟರೆ ಮುಚ್ಚುವಾಗ ಸುಕ್ಕು ಬರುತ್ತದೆ.

ಮಗುಚುವ ಮೊದಲು ಅಂಚಿಗೆ ಕತ್ತರಿ ಹಾಕುವ ಕೆಲಸವಿದೆ. ಇದನ್ನು ಬಿಟ್ಟವರ ಗೊಂಬೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಹೊಟ್ಟೆಯಂಥ ಉಬ್ಬು ತಿರುವಿನಲ್ಲಿ ಮಗುಚಿದ ಮೇಲೆ ಅಂಚಿನ ಬಟ್ಟೆ ಒಳಗೆ ಗುಂಪುಗೂಡುತ್ತದೆ, ಅಲ್ಲಿ ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆಯಬೇಕು. ಕಿವಿ ತಲೆಗೆ ಸೇರುವ, ಕಾಲುಗಳು ಕವಲೊಡೆಯುವ ತಗ್ಗುಗಳಲ್ಲಿ ಅಂಚು ಹಿಗ್ಗಬೇಕು, ಆದರೆ ಬಟ್ಟೆ ಸಾಲದೆ ಎಳೆಯುತ್ತದೆ. ಅಲ್ಲಿ ಹೊಲಿಗೆಯ ಕಡೆಗೆ ನೇರ ಕಚ್ಚು ಹಾಕಿದರೆ ಸಾಕು. ಎರಡೂ ಕಡೆ ಹೊಲಿಗೆಗಿಂತ 2 ಮಿ.ಮೀ. ಮುಂಚೆ ಕತ್ತರಿ ನಿಲ್ಲಲಿ.

ತುಂಬಲು ಹಳೆಯ ದಿಂಬಿನ ಫೈಬರ್ ಹಗುರ, ಒಗೆಯಲು ಸುಲಭ. ಬೂರುಗದ ಹತ್ತಿ ಮೆತ್ತಗಿರುತ್ತದೆ, ಆದರೆ ದಿನ ಕಳೆದಂತೆ ಕುಗ್ಗುತ್ತದೆ. ಯಾವುದೇ ಆಗಲಿ, ಉಂಡೆ ಕಟ್ಟದೆ ಚೆನ್ನಾಗಿ ಬಿಡಿಸಿ, ಚಿಟಿಕೆ ಚಿಟಿಕೆಯಾಗಿ ಮೊದಲು ಕಿವಿ, ಕಾಲಿನ ತುದಿಗೆ ಪೆನ್ಸಿಲ್ಲಿನ ಮೊಂಡು ತುದಿಯಿಂದ ತಳ್ಳಿ. ಹೊಟ್ಟೆ ಕೊನೆಗೆ.

ಮಗುಚಲು ಬಿಟ್ಟ ಬಾಯಿ ಮುಚ್ಚುವಾಗ ಎರಡೂ ಅಂಚನ್ನು ಒಳಗೆ ಮಡಚಿ, ಈ ಮಡಿಕೆಯೊಳಗೆ ಒಂದು ಟಾಕು, ಎದುರಿನ ಮಡಿಕೆಯೊಳಗೆ ಒಂದು, ಏಣಿಯ ಮೆಟ್ಟಿಲಿನ ಹಾಗೆ. ನಾಲ್ಕೈದು ಟಾಕಿಗೊಮ್ಮೆ ದಾರ ಎಳೆದರೆ ಮೆಟ್ಟಿಲು ಮಾಯವಾಗಿ ಅಂಚು ಕೂಡಿಕೊಳ್ಳುತ್ತದೆ. ಗಂಟು ಹಾಕಿ, ಅದರ ಪಕ್ಕದಲ್ಲೇ ಸೂಜಿ ಚುಚ್ಚಿ ಹೊಟ್ಟೆಯ ಆಚೆ ಬದಿಯಿಂದ ಹೊರತೆಗೆಯಿರಿ. ದಾರವನ್ನು ತುಸು ಬಿಗಿಯಾಗಿ ಎಳೆದು ಹಿಡಿದು ಬಟ್ಟೆಗೆ ತಾಗಿಸಿ ಕತ್ತರಿಸಿದರೆ ಅದರ ತುದಿ ಹತ್ತಿಯೊಳಗೆ ಸೇರಿಕೊಳ್ಳುತ್ತದೆ.