ಪವರ್ ಏರಿಸಿದರೆ ಮಣಿ ತಿರುಗುವುದಿಲ್ಲ

"ಸರ್, ಪವರ್ ಎಷ್ಟು ಏರಿಸಿದರೂ ಮಣಿ ತಿರುಗುತ್ತಿಲ್ಲ." ಆಪ್ಟಿಕಲ್ ಟ್ವೀಜರ್, ಅಂದರೆ ಲೇಸರ್ ಬೆಳಕಿನಿಂದಲೇ ಪುಟ್ಟ ಕಣಗಳನ್ನು ಹಿಡಿಯುವ ಸಾಧನ, ಕಲಿಯಲು ಬರುವವರಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ಸ್ಲೈಡಿನಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಒಂದೇ: ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನ ಪುಟ್ಟ ಮಣಿ. ಪವರ್ ಇಳಿಸಿ, ಮೊದಲು ಮಣಿ ಬದಲಾಯಿಸಿ ಎನ್ನುತ್ತೇನೆ. ಅವರಿಗೆ ನಂಬಿಕೆ ಬರುವುದಿಲ್ಲ. ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತದೆ ಎಂಬುದು ಪೋಲರೈಸೇಶನ್; ಆ ದಿಕ್ಕು ಸುತ್ತುತ್ತಲೇ ಇದ್ದರೆ ಸರ್ಕ್ಯುಲರ್. ಸರ್ಕ್ಯುಲರ್ ಪೋಲರೈಸೇಶನ್ ಇರುವ ಬೆಳಕಿಗೆ ಕೋನೀಯ ಸಂವೇಗ, ಅಂದರೆ ತಿರುಗಿಸುವ ಸಂವೇಗ, ಇರುತ್ತದೆ, ಹಾಗಾದರೆ ಅದರಲ್ಲಿ ಸಿಕ್ಕಿದ್ದೆಲ್ಲ ತಿರುಗಬೇಕಲ್ವಾ ಎನ್ನುವುದು ಅವರ ಲೆಕ್ಕ.

ಕೋನೀಯ ಸಂವೇಗ ಬೆಳಕಿನಲ್ಲಿ ಇದ್ದರೆ ಸಾಲದು, ಕಣ ಅದನ್ನು ಕಿತ್ತುಕೊಳ್ಳಬೇಕು. ಹಗ್ಗ ಬಿಗಿಯಾಗಿ ಸುತ್ತಿದ್ದರೆ ತಾನೆ ಕಡಗೋಲು ತಿರುಗುವುದು? ಜಾರುವ ಹಗ್ಗವನ್ನು ಎಷ್ಟು ಜೋರಾಗಿ ಎಳೆದರೂ ಬೆಣ್ಣೆ ಬರುವುದಿಲ್ಲ. ಗುಂಡಗಿನ, ಪಾರದರ್ಶಕ, ಎಲ್ಲ ದಿಕ್ಕಿಗೂ ಒಂದೇ ತರಹ ಇರುವ ಮಣಿಯೊಳಗೆ ಹೋದ ಬೆಳಕು ತನ್ನ ಕೋನೀಯ ಸಂವೇಗವನ್ನು ಹಾಗೇ ಹೊತ್ತು ಆಚೆ ಬರುತ್ತದೆ. ಮಣಿಗೆ ಸಿಕ್ಕಿದ್ದು ಸೊನ್ನೆ. ಪವರ್ ಎರಡರಷ್ಟು ಮಾಡಿದರೂ ಸೊನ್ನೆಯೇ. ನೀರು ಸುಮ್ನೆ ಬಿಸಿಯಾಗುತ್ತದೆ, ಅಷ್ಟೇ.

ಕ್ಯಾಲ್ಸೈಟ್ ಹಾಗಲ್ಲ. ಪೇಪರ್ ಮೇಲಿಟ್ಟರೆ ಅಕ್ಷರಗಳು ಎರಡೆರಡಾಗಿ ಕಾಣುವ ಹರಳು ಅದು. ಬೆಳಕಿನ ಪೋಲರೈಸೇಶನ್ನನ್ನು ಅದು ಬದಲಾಯಿಸುತ್ತದೆ. ಬೆಳಕು ಕಳೆದುಕೊಂಡದ್ದು ಹರಳಿಗೆ ಸೇರುತ್ತದೆ. 1998ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಇಂಥ ಪುಟ್ಟ ಚೂರುಗಳನ್ನು ಸೆಕೆಂಡಿಗೆ ಸುಮಾರು 350 ಸುತ್ತು ತಿರುಗಿಸಿ ತೋರಿಸಿದರು. ಬೆಳಕು ಹೀರುವ ಕಪ್ಪು ಕಣಗಳೂ ತಿರುಗುತ್ತವೆ. ಆದರೆ ಅವು ಬಿಸಿಯಾಗುತ್ತವೆ. ಜೀವಕೋಶಗಳ ಹತ್ತಿರ ಅವನ್ನು ಬಳಸಿ ಎಂದು ನಾನಂತೂ ಹೇಳಲಾರೆ.

ಹೋದ ವರ್ಷ ಬಂದ ಒಬ್ಬಳು ವಿದ್ಯಾರ್ಥಿನಿ ಮೂರು ವಾರ ಆ ಮಣಿಯ ಜೊತೆ ಗುದ್ದಾಡಿದ್ದಳು. ಕೊನೆಗೆ ಕ್ಯಾಲ್ಸೈಟನ್ನು ಕಲ್ಬತ್ತಿನಲ್ಲಿ ಅರೆದು, ನೀರಿಗೆ ಹಾಕಿ, ಒಂದು ಚೂರನ್ನು ಹಿಡಿದಳು. ಚೂರು ಅರ್ಧ ಸುತ್ತೂ ತಿರುಗದೆ ಗಕ್ಕನೆ ನಿಂತಿತು. ಅವಳ ಮುಖ ನೋಡಲಾಗಲಿಲ್ಲ. ಆದರೆ ನನಗೆ ಖುಷಿಯಾಯಿತು. ಚೂರಿಗೆ ಬೆಳಕಿನ ಹಿಡಿತ ಸಿಕ್ಕಿತ್ತು, ಬೆಳಕು ಮಾತ್ರ ಪೂರ್ತಿ ಸರ್ಕ್ಯುಲರ್ ಆಗಿರಲಿಲ್ಲ. ಸಾಮಾನ್ಯವಾಗಿ ಇದು ದಾರಿಯಲ್ಲಿರುವ ಡೈಕ್ರೋಯಿಕ್ ಕನ್ನಡಿಯ (ಕೆಲವು ಬಣ್ಣ ಪ್ರತಿಫಲಿಸಿ ಉಳಿದವನ್ನು ಬಿಡುವ ಕನ್ನಡಿ) ಕೆಲಸ. ಬೆಳಕನ್ನು ಸರ್ಕ್ಯುಲರ್ ಮಾಡುವ ಕ್ವಾರ್ಟರ್ ವೇವ್ ಪ್ಲೇಟನ್ನು ಕನ್ನಡಿ ದಾಟಿದ ಮೇಲೆ, ಆಬ್ಜೆಕ್ಟಿವ್‌ಗೆ (ಸ್ಲೈಡಿನ ಬಳಿಯ ಲೆನ್ಸಿಗೆ) ಹತ್ತಿರ ಇಡಿಸಿ ಹೊಂದಿಸಿದೆವು. ಚೂರು ಬುಗುರಿಯಂತೆ ತಿರುಗಿತು. ಪವರ್ ಜಾಸ್ತಿ ಮಾಡಿದರೆ ವೇಗ ಜಾಸ್ತಿ, ಕಡಿಮೆ ಮಾಡಿದರೆ ಕಡಿಮೆ. ಪವರ್ ಗುಂಡಿಗೆ ಕೆಲಸ ಇರುವುದು ಇಲ್ಲಿ.

ಬೇಕಾದ ಕೋನದಲ್ಲಿ ನಿಲ್ಲಿಸಬೇಕು ಅಂದರೆ ಮಾತ್ರ ಲೀನಿಯರ್ ಪೋಲರೈಸೇಶನ್, ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕು, ಬೇಕು. ಆಗ ಚೂರು ಅದಕ್ಕೆ ಹೊಂದಿಕೊಂಡು ನಿಲ್ಲುತ್ತದೆ, ಆ ದಿಕ್ಕನ್ನು ತನ್ನ ಎರಡರಷ್ಟು ತಿರುಗಿಸುವ ಹಾಫ್ ವೇವ್ ಪ್ಲೇಟ್ ತಿರುಗಿಸಿದರೆ ಹಿಂದೆಯೇ ಬರುತ್ತದೆ. ಅವತ್ತು ಸಂಜೆಯೆಲ್ಲ ಅವಳು ಮಾಡಿದ್ದು ಅದನ್ನೇ. ಪ್ಲೇಟ್ 10 ಡಿಗ್ರಿ, ಚೂರು 20 ಡಿಗ್ರಿ. ಊಟಕ್ಕೆ ಕರೆದರೂ ಏಳಲಿಲ್ಲ.