ಇವಾಂಗೆಲಿಯನ್: ಇಪ್ಪತ್ತಾರು ಕಂತು, ಮೇಲಿಷ್ಟು ಸಿನಿಮಾ. ಯಾವುದು ಮೊದಲು?

ಪ್ರಶ್ನೆ: ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’ ಎಂಬ ಜಪಾನಿ ಆನಿಮೇಷನ್ ಸರಣಿ ನೋಡಬೇಕೆಂದಿದ್ದೇನೆ. ಸರಣಿಯ ಕೊನೆ ತಲೆಬುಡ ಅರ್ಥವಾಗುವುದಿಲ್ಲ, 24ನೇ ಕಂತಿಗೆ ನಿಲ್ಲಿಸಿ ಸಿನಿಮಾಕ್ಕೆ ಹೋಗು ಅನ್ನುತ್ತಾರೆ ಕೆಲವರು. ಹೊಸ ನಾಲ್ಕು ಸಿನಿಮಾ ನೋಡಿದರೆ ಸಾಕು ಅನ್ನುವವರೂ ಇದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತೂ ಬೇಡ. ಬಂದ ಕ್ರಮದಲ್ಲೇ ನೋಡಿ. 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ ಟೀವಿ ಟೋಕಿಯೊದಲ್ಲಿ ಪ್ರಸಾರವಾದ 26 ಕಂತು ಮೊದಲು. ಆಮೇಲೆ 1997ರ ಜುಲೈನಲ್ಲಿ ಬಂದ ‘ದಿ ಎಂಡ್ ಆಫ್ ಇವಾಂಗೆಲಿಯನ್’. ಒಂದಷ್ಟು ದಿನ ಬಿಟ್ಟು, ಅದೇ ಕಥೆಯನ್ನು ಹೊಸದಾಗಿ ಹೇಳುವ, 2007ರಿಂದ 2021ರ ನಡುವೆ ಬಂದ ನಾಲ್ಕು ‘ರೀಬಿಲ್ಡ್’ ಸಿನಿಮಾ. 1997ರ ಮಾರ್ಚ್‌ನ ‘ಡೆತ್ ಅಂಡ್ ರೀಬರ್ತ್’ ಒಂದನ್ನು ಧಾರಾಳವಾಗಿ ಬಿಡಬಹುದು. ಅದರ ‘ಡೆತ್’ ಭಾಗ ಮೊದಲ 24 ಕಂತುಗಳ ತುಣುಕುಗಳನ್ನು ಹಿಂದುಮುಂದು ಮಾಡಿ ಜೋಡಿಸಿದ್ದು. ‘ರೀಬರ್ತ್’ ಅಂದರೆ ಜುಲೈನ ಸಿನಿಮಾದ ಆರಂಭವೇ; ಪೂರ್ತಿ ಚಿತ್ರ ಹೊತ್ತಿಗೆ ಸರಿಯಾಗಿ ಮುಗಿಯದೆ, ಆದಷ್ಟನ್ನು ತೋರಿಸಿಬಿಟ್ಟರು. ನೆಟ್‌ಫ್ಲಿಕ್ಸ್ 2019ರ ಜೂನ್‌ನಲ್ಲಿ ಸರಣಿಯ ಜೊತೆ ಹಾಕಿದ ‘ಡೆತ್ ಟ್ರೂ ಸ್ಕ್ವೇರ್ಡ್’ ಎಂಬುದೂ ಅದೇ ಸಾರಾಂಶ, ಸ್ವಲ್ಪ ಕತ್ತರಿ ಆಡಿಸಿದ್ದು ಅಷ್ಟೆ.

24ಕ್ಕೆ ನಿಲ್ಲಿಸಿ ಎಂಬ ಸಲಹೆ ಕೆಟ್ಟದ್ದು ಏಕೆಂದರೆ, ಕೊನೆಯ ಎರಡು ಕಂತುಗಳನ್ನು ಹೇಗೆ ನೋಡಬೇಕೆಂದು ಸರಣಿ ಮೊದಲಿಂದಲೇ ಕಲಿಸುತ್ತಾ ಬಂದಿರುತ್ತದೆ. ಶುರುವಿನ ಕಂತುಗಳಲ್ಲಿ ಯುದ್ಧವೆಂದರೆ ಲೆಕ್ಕಾಚಾರ. ಇವಾ ಅಂದರೆ ಹದಿಹರೆಯದವರು ಒಳಗೆ ಕೂತು ನಡೆಸುವ ದೈತ್ಯ ಯೋಧ; ಅದರ ಬೆನ್ನಿಗೆ ವಿದ್ಯುತ್ ಕೇಬಲ್ ಇರುತ್ತದೆ. ಅದು ಕಿತ್ತುಹೋದರೆ ಒಳಗಿನ ಬ್ಯಾಟರಿ ಸಾಮಾನ್ಯ ಚಲನೆಗೆ ಐದು ನಿಮಿಷ, ಪೂರ್ಣ ಶಕ್ತಿಯಲ್ಲಿ ಹೋರಾಡಿದರೆ ಒಂದೇ ನಿಮಿಷ. ಆರನೇ ಕಂತಿನಲ್ಲಿ ಒಂದೇ ಒಂದು ಗುಂಡು ಹಾರಿಸಲು ಇಡೀ ಜಪಾನಿನ ವಿದ್ಯುತ್ತನ್ನು, 18 ಕೋಟಿ ಕಿಲೋವ್ಯಾಟ್, ಒಂದು ರೈಫಲ್ಲಿಗೆ ಹರಿಸುತ್ತಾರೆ. 8ರಿಂದ 11ನೇ ಕಂತು ತಮಾಷೆಯಾಗಿ ಸಾಗುತ್ತವೆ. 14ನೇ ಕಂತಿನ ಮೊದಲರ್ಧ ಹಳೆಯದರ ಮೆಲುಕು. ಬೇಸರ ಬಂದರೂ ಓಡಿಸಬೇಡಿ, ಅದರ ಉತ್ತರಾರ್ಧದಲ್ಲಿ ಇವಾ ನಡೆಸುವ ಹುಡುಗಿ ರೇಯ ಸ್ವಗತವಿದೆ.

ತಿರುವು ಬರುವುದು 16ರಲ್ಲಿ. ಕಥಾನಾಯಕ, ಹದಿನಾಲ್ಕರ ಹುಡುಗ ಶಿಂಜಿಯ ಇವಾ ಒಂದು ನೆರಳಿನೊಳಗೆ ಮುಳುಗಿಹೋಗುತ್ತದೆ. ಶಕ್ತಿ ಉಳಿಸಿಕೊಂಡರೆ ಅವನು ಒಳಗೆ ಬದುಕಿರಬಹುದಾದದ್ದು ಹದಿನಾರು ಗಂಟೆ. ಹೊರಗೆ ದೊಡ್ಡವರು ಜಗಳವಾಡುತ್ತಿರುವಾಗ, ಒಳಗೆ ಅವನು ಸಂಜೆ ಬಿಸಿಲಿನ ರೈಲುಬೋಗಿಯಲ್ಲಿ ಕೂತು ತನ್ನೊಂದಿಗೇ ಮಾತಾಡುತ್ತಾನೆ. ಮುಂದೆ 20ನೇ ಕಂತಿನಲ್ಲಿ ದೇಹವೇ ಕರಗಿಹೋಗಿ ಸುಮಾರು ಒಂದು ತಿಂಗಳು ಇದೇ ವಿಚಾರಣೆ. 25 ಮತ್ತು 26 ಇದರ ಮುಂದುವರಿಕೆ: ಕುರ್ಚಿ, ಕತ್ತಲು, ಪರದೆ ತುಂಬ ಅಕ್ಷರ, ಪೆನ್ಸಿಲ್ ಗೆರೆಗಳು, ನಡುವೆ ಇದ್ದಕ್ಕಿದ್ದಂತೆ ಒಂದು ಶಾಲಾ ಹಾಸ್ಯ. 16 ಮತ್ತು 20ನ್ನು ಫೋನು ತಿರುವುತ್ತಾ ನೋಡಿದವರಿಗೇ ಈ ಕೊನೆ ಆಕಾಶದಿಂದ ಬಿದ್ದಂತೆ ಕಾಣುವುದು. 16 ಮತ್ತು 20, ಒಂದೊಂದೂ ಆದಮೇಲೆ ಆ ದಿನಕ್ಕೆ ನಿಲ್ಲಿಸುವುದು ಒಳ್ಳೆಯದು.

ಹಾಗಾದರೆ ‘ಎಂಡ್’ ಬೇರೆಯೇ ಅಂತ್ಯವೇ? ಅದೇ ಘಟನೆಯನ್ನು ಹೊರಗಿನಿಂದ ನೋಡಿದ್ದು ಅನ್ನುವ ಓದು ಹೆಚ್ಚು ಸರಿ. ಪುರಾವೆ 25ನೇ ಕಂತಿನಲ್ಲೇ ಇದೆ: ಇಬ್ಬರು ಹಿರಿಯ ಪಾತ್ರಗಳಿಗೆ ಏನಾಯಿತೆಂಬ ಚಿತ್ರಗಳು ಕ್ಷಣಹೊತ್ತು ಮಿಂಚಿ ಮಾಯವಾಗುತ್ತವೆ. ಸಿನಿಮಾ ನೋಡುವಾಗ ಅವೇ ಗತಿ ಎದುರಾಗುತ್ತದೆ. ಅಂದಹಾಗೆ ಈ ಸಿನಿಮಾದ ಹೆಸರುಗಳ ಪಟ್ಟಿ ಕೊನೆಗಲ್ಲ, ನಟ್ಟನಡುವೆ ಓಡುತ್ತದೆ. ಮುಗಿಯಿತೆಂದು ಎದ್ದವರು ಅರ್ಧ ಸಿನಿಮಾ ಕಳೆದುಕೊಳ್ಳುತ್ತಾರೆ. ಒಟ್ಟು 87 ನಿಮಿಷ ಎಂಬುದು ನೆನಪಿರಲಿ. ಲೈಂಗಿಕ ದೃಶ್ಯ, ಹತ್ಯೆ, ಆತ್ಮಹತ್ಯೆಯ ಮಾತು ಎಲ್ಲವೂ ಇದರಲ್ಲಿವೆ. ಕಾರ್ಟೂನ್ ಎಂದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.

ಆವೃತ್ತಿಯ ವಿಷಯ. 21ರಿಂದ 24ರವರೆಗಿನ ಕಂತುಗಳು ಎರಡು ರೂಪದಲ್ಲಿವೆ: ಟೀವಿಯಲ್ಲಿ ಬಂದದ್ದು, ಆಮೇಲೆ ದೃಶ್ಯ ಸೇರಿಸಿ ಹಿಗ್ಗಿಸಿದ ಡೈರೆಕ್ಟರ್ಸ್ ಕಟ್. ಎರಡನೆಯದನ್ನೇ ಆರಿಸಿ, ಏಕೆಂದರೆ ಸೇರಿಸಿದ ದೃಶ್ಯಗಳ ಮೇಲೆ ‘ಎಂಡ್’ ಸಾಕಷ್ಟು ಭಾರ ಹಾಕುತ್ತದೆ. ಭಾಷೆಗೆ ಜಪಾನಿ ಧ್ವನಿ, ಪೂರ್ಣ ಸಬ್‌ಟೈಟಲ್ ಇಟ್ಟುಕೊಳ್ಳಿ. ಕೊನೆಯ ಕಂತುಗಳಲ್ಲಿ ಪರದೆಯ ಮೇಲಿನ ಬರಹವೇ ಅರ್ಧ ಸಂಭಾಷಣೆ. ಅದು ತಪ್ಪಿದರೆ ಪ್ರಶ್ನೆ ತಿಳಿಯದೆ ಉತ್ತರ ಮಾತ್ರ ಕೇಳಿದಂತಾಗುತ್ತದೆ. ಮೂಲದಲ್ಲಿ ಪ್ರತಿ ಕಂತಿನ ಕೊನೆಗೆ ‘ಫ್ಲೈ ಮಿ ಟು ದ ಮೂನ್’ ಹಾಡಿತ್ತು. ಜಪಾನಿನ ಹೊರಗಿನ ನೆಟ್‌ಫ್ಲಿಕ್ಸ್‌ನಲ್ಲಿ ಅದನ್ನು ತೆಗೆದು ಪಿಯಾನೊ ಹಾಕಿದ್ದಾರೆ. ದೋಷ ನಿಮ್ಮ ಟೀವಿಯದಲ್ಲ.

ಇನ್ನು ರೀಬಿಲ್ಡ್. ಮೊದಲನೆಯದು (2007) ಹೆಚ್ಚುಕಡಿಮೆ ಮೊದಲ ಆರು ಕಂತುಗಳೇ, ಚಿತ್ರ ಮಾತ್ರ ಹೊಸದು. ಹಾಗಾಗಿಯೇ ಇದರಿಂದ ಶುರುಮಾಡಿದವರು ಸರಣಿಗೆ ಬದಲಿ ಸಿಕ್ಕಿತೆಂದು ನಂಬಿಬಿಡುತ್ತಾರೆ. ಎರಡನೆಯದು (2009) ಬೇರೆ ದಾರಿ ಹಿಡಿಯುತ್ತದೆ. ಅದರ ಹೆಸರುಗಳ ಪಟ್ಟಿ ಮುಗಿದಮೇಲೂ ಕಥೆಗೆ ಬೇಕಾದ ದೃಶ್ಯವೊಂದಿದೆ. ಅದಾದಮೇಲೆ ತೋರಿಸುವ ಮುಂದಿನ ಚಿತ್ರದ ಝಲಕನ್ನು ನಂಬಬೇಡಿ. ಮೂರನೆಯದು (2012) ನೇರವಾಗಿ ಹದಿನಾಲ್ಕು ವರ್ಷ ಮುಂದಕ್ಕೆ ಜಿಗಿಯುತ್ತದೆ, ಝಲಕಿನಲ್ಲಿ ಕಂಡದ್ದು ಅದರಲ್ಲಿ ಇಲ್ಲ. ನಡುವೆ ಒಂದು ಸಿನಿಮಾ ತಪ್ಪಿತೆಂದು ಹುಡುಕಬೇಡಿ. ಆ ವರ್ಷಗಳಲ್ಲಿ ಏನಾಯಿತೆಂದು ಶಿಂಜಿಗೂ ಗೊತ್ತಿಲ್ಲ, ಮೊದಮೊದಲು ಯಾರೂ ಹೇಳುವುದೂ ಇಲ್ಲ. ಹೆಸರಿನ ಪಕ್ಕ 1.11, 2.22, 3.33 ಎಂದು ಕಂಡರೆ ಗಾಬರಿ ಬೇಡ, ಅವು ಡಿಸ್ಕಿಗಾಗಿ ತಿದ್ದಿದ ಅದೇ ಸಿನಿಮಾಗಳು.

ನಾಲ್ಕನೆಯದು (2021) 155 ನಿಮಿಷದ್ದು. ರೀಬಿಲ್ಡ್ ಮಾತ್ರ ಸಾಕು ಅನ್ನುವವರ ವಾದ ಬಿದ್ದುಹೋಗುವುದು ಇಲ್ಲೇ. ಕೊನೆಯ ಭಾಗದಲ್ಲಿ ಅದು ‘ಎಂಡ್’ನ ಕಡಲತೀರವನ್ನೂ ಟೀವಿ ಕಂತುಗಳ ಚಿತ್ರಗಳನ್ನೂ ಮತ್ತೆ ಎತ್ತಿಕೊಂಡು, ಅಲ್ಲಿ ಉಳಿದುಹೋಗಿದ್ದ ಮಾತನ್ನು ಆಡುತ್ತದೆ. ಮೊದಲಿನವನ್ನು ನೋಡಿರದವರಿಗೆ ಆ ಮಾತು ಯಾರಿಗೆ ಹೇಳಿದ್ದೆಂದೇ ತಿಳಿಯುವುದಿಲ್ಲ.